ವಿದ್ಯುತ್ ನಾದಕ್ಕೆ ಅಂಜುವುದೇಕೆ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ನಮ್ಮ ಧರ್ಮಕೇಂದ್ರಗಳಲ್ಲಿ ಕೀಬೋರ್ಡು ಇಂದು ಅಪರೂಪದ ವಸ್ತುವಲ್ಲ. ಭಾನುವಾರದ ಬಲಿಪೂಜೆಗೂ ಅದೇ, ಊರಹಬ್ಬಕ್ಕೂ ಅದೇ, ಮದುವೆಗೂ ಅದೇ. ಒಂದು ಗುಂಡಿ ಒತ್ತಿದರೆ ತಬಲಾ ಬರುತ್ತದೆ, ಇನ್ನೊಂದು ಒತ್ತಿದರೆ ಡ್ರಮ್ಸ್, ಮತ್ತೊಂದಕ್ಕೆ ಪಿಟೀಲುಗಳ ದೊಡ್ಡ ಮೇಳ. ಹಾಡುವ ವೃದ್ಧರು ಉಸಿರು ತೆಗೆದುಕೊಳ್ಳಲು ಅರೆಕ್ಷಣ ನಿಂತರೂ ಯಂತ್ರದ ತಾಳ ಅವರಿಗಾಗಿ ಕಾಯುವುದಿಲ್ಲ. ಯಾವುದೋ ದೇಶದ ಕಾರ್ಖಾನೆಯಲ್ಲಿ ಯಾರೋ ತುಂಬಿಟ್ಟ ತಾಳಕ್ಕೆ ನಮ್ಮ ಭಕ್ತಿ ಹೆಜ್ಜೆ ಹಾಕಬೇಕಾಗಿದೆ. ಇದನ್ನು ನಾವು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಗಾನವೃಂದದ ಒಬ್ಬ ಯುವಕನೋ ಯುವತಿಯೋ ಅದೇ ವಾದ್ಯದ ಮುಂದೆ ಕುಳಿತು, ಸಿದ್ಧತಾಳವನ್ನು ಬದಿಗಿಟ್ಟು, ಹೊಸ ನಾದಗಳನ್ನು ಹುಡುಕಿ, ಮಾತಿಲ್ಲದ ಮುಕ್ಕಾಲು ಗಂಟೆಯ ಒಂದು ದೀರ್ಘ ಕೃತಿಯನ್ನು ರಚಿಸುತ್ತೇನೆಂದರೆ ಮಾತ್ರ ನಮ್ಮ ಹುಬ್ಬು ಮೇಲೇರುತ್ತದೆ. "ಇದೆಂಥ ಸದ್ದು? ಇದಕ್ಕೆ ಹಾಡಿಲ್ಲವೇ? ಇದರಿಂದ ಏನು ಪ್ರಯೋಜನ?"

ಈ ಹುಬ್ಬೇರಿಸುವಿಕೆಯ ವಿರುದ್ಧವೇ ಈ ಲೇಖನ. ಎಲೆಕ್ಟ್ರಾನಿಕ್ ವಾದ್ಯವನ್ನು ಸೋಮಾರಿತನಕ್ಕೆ ಬಳಸಲು ಒಪ್ಪುವ ನಾವು ಅದನ್ನು ಶ್ರದ್ಧೆಗೆ ಬಳಸಲು ಒಪ್ಪುವುದಿಲ್ಲವೆಂದರೆ ತಪ್ಪು ವಾದ್ಯದ್ದಲ್ಲ, ನಮ್ಮದು.

ಮೊದಲಿಗೆ, ಇಂಥ ಕೃತಿ ಎಂದರೇನು ಎಂಬುದನ್ನು ಸರಳವಾಗಿ ತಿಳಿಯೋಣ. ವಿದ್ಯುತ್ತಿನ ಕಂಪನವನ್ನು ಧ್ವನಿವರ್ಧಕಕ್ಕೆ ಕೊಟ್ಟರೆ ಅದು ನಾದವಾಗುತ್ತದೆ. ಕಂಪನದ ವೇಗ ಹೆಚ್ಚಿದರೆ ಸ್ವರ ಏರುತ್ತದೆ, ತಗ್ಗಿದರೆ ಇಳಿಯುತ್ತದೆ. ಆ ನಾದದಲ್ಲಿ ಅಡಗಿರುವ ಉಪಸ್ವರಗಳಲ್ಲಿ ಬೇಕಾದುದನ್ನು ಉಳಿಸಿ ಬೇಡವಾದುದನ್ನು ಸೋಸಿ ತೆಗೆಯಬಹುದು. ಅದು ಹೇಗೆ ಹುಟ್ಟಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಕರಗಬೇಕು ಎಂಬುದನ್ನೂ ರಚನಕಾರನೇ ನಿರ್ಧರಿಸುತ್ತಾನೆ. ಒಂದು ಬಡಿತ ಸೆಕೆಂಡಿಗೆ ಎರಡು ಬಾರಿ ಕೇಳಿದರೆ ಅದು ತಾಳ. ಅದೇ ಬಡಿತದ ವೇಗ ಸೆಕೆಂಡಿಗೆ ಇಪ್ಪತ್ತು, ಮೂವತ್ತನ್ನು ದಾಟಿದರೆ ಕಿವಿಗೆ ಅದು ತಾಳವಾಗಿ ಕೇಳದೆ ಸ್ವರವಾಗಿ ಕೇಳುತ್ತದೆ. ತಾಳ ಮತ್ತು ಸ್ವರ ಒಂದೇ ಬಳ್ಳಿಯ ಎರಡು ಹೂಗಳೆಂಬ ಈ ಸತ್ಯವನ್ನು ಕಿವಿಗೇ ಮುಟ್ಟಿಸಬಲ್ಲ ವಾದ್ಯ ಇದು. ಇನ್ನು ದೀರ್ಘ ಕೃತಿ ಏಕೆ? ನಿಧಾನವಾದ ಬದಲಾವಣೆಯನ್ನು ಗುರುತಿಸಲು ಕಿವಿಗೆ ಕಾಲಾವಕಾಶ ಬೇಕು. ಮೂರು ನಿಮಿಷದಲ್ಲಿ ಹಾಡು ಮುಗಿಯುತ್ತದೆ. ಮುಂಜಾವು ಬೆಳಗಾಗಲು ಒಂದು ಗಂಟೆ ಹಿಡಿಯುತ್ತದೆ. ಮುಂಜಾವನ್ನು ನಾದದಲ್ಲಿ ಹೇಳಬೇಕೆನ್ನುವವರಿಗೆ ಮೂರು ನಿಮಿಷ ಸಾಲದು.

ಇದಕ್ಕೆ ನಮ್ಮವರು ಎತ್ತುವ ಮೊದಲ ಆಕ್ಷೇಪ, ಇದು ಪರದೇಶದ್ದು, ಯಂತ್ರದ್ದು ಎಂಬುದು. ಪಿಟೀಲು ಎಲ್ಲಿಂದ ಬಂತು? ಯೂರೋಪಿನಿಂದ. ಅದೇ ಪಿಟೀಲಿಗೆ ಏಳು ತಂತಿ ಬಿಗಿದು ಮೈಸೂರಿನ ಟಿ. ಚೌಡಯ್ಯನವರು ಕರ್ನಾಟಕ ಸಂಗೀತವನ್ನು ಬೆಳಗಿಸಲಿಲ್ಲವೇ? ಹಾರ್ಮೋನಿಯಂಗೆ 1940ರಲ್ಲಿ ಆಕಾಶವಾಣಿ ಬಾಗಿಲು ಮುಚ್ಚಿತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಆ ಮೂವತ್ತೊಂದು ವರ್ಷ ಅದನ್ನು ಕಾಪಾಡಿದವರಲ್ಲಿ ಭಜನಾ ಮಂಡಳಿಗಳೂ ನಾಟಕ ಕಂಪನಿಗಳೂ ನಮ್ಮ ಚರ್ಚುಗಳೂ ಇದ್ದವು. ಇಂದು ಹಾರ್ಮೋನಿಯಂ ಪರದೇಶದ್ದೆಂದು ಯಾವ ಭಕ್ತರೂ ಹೇಳುವುದಿಲ್ಲ.

ಪರದೇಶದ ಮಾತು ಹಾಗಿರಲಿ, ನಮ್ಮ ನೆಲದ ವಾದ್ಯಕ್ಕೇ ನಾವು ಮಾಡಿದ್ದೇನು? ತಮಟೆಯನ್ನು ಚರ್ಮದ ವಾದ್ಯವೆಂದು, ಕೇರಿಯ ವಾದ್ಯವೆಂದು ತಲೆಮಾರುಗಳ ಕಾಲ ಅಂಗಳದ ಹೊರಗೆ ನಿಲ್ಲಿಸಿದ ಸಮಾಜ ನಮ್ಮದು. ಹಿಂದೆ ಅವಿಭಜಿತ ಕೋಲಾರ ಜಿಲ್ಲೆಗೆ ಸೇರಿದ್ದ, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಅದೇ ಸಮಾಜ ಚಪ್ಪಾಳೆ ತಟ್ಟಿತು. ವಾದ್ಯ ಬದಲಾಗಿರಲಿಲ್ಲ. ಕೇಳುವವರ ಮನಸ್ಸು ಬದಲಾಗಲು ಅಷ್ಟು ಕಾಲ ಬೇಕಾಯಿತು. ಇನ್ನೊಂದು ವಾದ್ಯದ ವಿಷಯದಲ್ಲಿ ಇದೇ ಅನ್ಯಾಯವನ್ನು ಮತ್ತೆ ಮಾಡಬೇಕೇ?

ಯಂತ್ರದ್ದೆಂಬ ಮಾತಿಗೂ ಬೆಂಗಳೂರಿನಲ್ಲೇ ಉತ್ತರವಿದೆ. ರೇಡೆಲ್ ಸಂಸ್ಥೆಯ ಜಿ. ರಾಜನಾರಾಯಣ್ ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯು 1979ರ ಡಿಸೆಂಬರಿನಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಮ್ಮೇಳನದಲ್ಲಿ ಪ್ರದರ್ಶನಗೊಂಡಿತು. ಇಂದು ಎಷ್ಟೋ ಸಂಗೀತ ಪಾಠದ ಮನೆಗಳಲ್ಲಿ ಶ್ರುತಿ ಹಿಡಿಯುವುದು ಅಂಥ ಪೆಟ್ಟಿಗೆಗಳೇ. ಶ್ರುತಿಯೆಂಬ ಅತಿ ಪವಿತ್ರವಾದ ಕೆಲಸವನ್ನೇ ವಿದ್ಯುತ್ತಿಗೆ ಒಪ್ಪಿಸಿದ ಮೇಲೆ ಮಡಿಯ ಮಾತು ಎಲ್ಲಿ ಉಳಿಯಿತು?

ಅದರಲ್ಲೂ ಈ ಆಕ್ಷೇಪ ಕೋಲಾರದವರ ಬಾಯಲ್ಲಿ ಬರಲೇಬಾರದು. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರ ಜೂನ್ ತಿಂಗಳಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ದಾರಿ ಕ್ರಮಿಸಿ ತಲುಪಿದ್ದು ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದದ್ದು 1905ರಲ್ಲಿ. ರಾಜಧಾನಿಗಿಂತ ಮೊದಲೇ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಕೇಳಿದ ಕಿವಿಗಳು ಈ ನೆಲದವು. ಆ ನಾದಕ್ಕೆ ನಾವು ಅಪರಿಚಿತರೆಂದು ಹೇಳಿಕೊಳ್ಳುವುದು ಸುಳ್ಳು ವಿನಯ.

ಭಾರತದಲ್ಲಿ ಇಂಥ ಸಂಗೀತದ ಪ್ರಯೋಗವೂ ನಿನ್ನೆ ಮೊನ್ನೆಯದಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೂಗ್ ಸಿಂಥಸೈಸರ್ ಇರುವ ಒಂದು ಸ್ಟುಡಿಯೋ ಸ್ಥಾಪನೆಯಾಯಿತು. ಅದರ ಹಿಂದಿದ್ದವರು ಪಖಾವಾಜ್ ಬಲ್ಲ ಗೀತಾ ಸಾರಾಭಾಯಿ. ಆಕೆ 1946ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಎಂಬ ಸಂಗೀತಗಾರನಿಗೆ ಭಾರತೀಯ ಸಂಗೀತ ಕಲಿಸಿದಾಗ, ಮನಸ್ಸನ್ನು ತಿಳಿಗೊಳಿಸಿ ದೈವಿಕ ಪ್ರಭಾವಕ್ಕೆ ಅದನ್ನು ತೆರೆಯುವುದೇ ಸಂಗೀತದ ಉದ್ದೇಶವೆಂಬ ತಮ್ಮ ಗುರುವಿನ ಮಾತನ್ನು ತಿಳಿಸಿದರು. ಪಶ್ಚಿಮದ ಪ್ರಯೋಗಶೀಲ ಸಂಗೀತದಲ್ಲಿ ಬಹು ದೊಡ್ಡ ಹೆಸರಾದ ಕೇಜ್ ಆ ಮಾತನ್ನು ಜೀವನವಿಡೀ ನೆನೆದರು. ಅಹಮದಾಬಾದಿನ ಸ್ಟುಡಿಯೋದಲ್ಲಿ ಗೀತಾ ಅವರೊಂದಿಗೆ ಅತುಲ್ ದೇಸಾಯಿ, ಐ.ಎಸ್. ಮಾಥುರ್, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಮೊದಲಾದವರು ಕೃತಿಗಳನ್ನು ರಚಿಸಿದರು. ಮೂರ್ನಾಲ್ಕು ವರ್ಷಗಳಲ್ಲಿ ಎಲ್ಲವೂ ನಿಂತುಹೋಯಿತು. ಟೇಪುಗಳು ಸಂಗ್ರಹದ ಕಪಾಟಿನಲ್ಲಿ ಮಲಗಿದವು. ಪಾಲ್ ಪರ್ಗಸ್ ಎಂಬ ಬ್ರಿಟನ್ನಿನ ಸಂಗೀತಗಾರ ಹುಡುಕಿ ಹೊರತೆಗೆದ ಬಳಿಕ, 2023ರಲ್ಲಿ ಅವು ಲೋಕದ ಕಿವಿಗೆ ಬಿದ್ದವು. ಅರ್ಧ ಶತಮಾನದ ಮೌನ! ಕೇಳುವವರಿಲ್ಲದೆ ಹೋದರೆ ಎಂಥ ಪ್ರತಿಭೆಯೂ ಕಪಾಟು ಸೇರುತ್ತದೆ. ದೇಶದ ದೊಡ್ಡ ಸಂಸ್ಥೆಯೊಂದರಲ್ಲೇ ಹೀಗಾದರೆ ಶ್ರೀನಿವಾಸಪುರದ ಹಳ್ಳಿಯೊಂದರ ಹುಡುಗಿಯ ಗತಿಯೇನು?

ಎರಡನೆಯ ಆಕ್ಷೇಪ ಭಕ್ತಿವಂತರದು. ಮಾತಿಲ್ಲದ ಸಂಗೀತ ಪ್ರಾರ್ಥನೆಯಾಗುವುದು ಹೇಗೆ ಎಂದು ಅವರು ಕೇಳುತ್ತಾರೆ. ಇದು ಗೌರವಿಸಬೇಕಾದ ಪ್ರಶ್ನೆ. ನಮ್ಮದು ವಾಕ್ಯವನ್ನು ಆಧರಿಸಿದ ವಿಶ್ವಾಸ. ಆದರೆ ಪವಿತ್ರ ಬೈಬಲಿನ ಕೀರ್ತನೆಗಳನ್ನೇ ತೆರೆದು ನೋಡಿ. ‘ಸೆಲಾ’ ಎಂಬ ಪದ ಅಲ್ಲಿ 71 ಬಾರಿ ಬರುತ್ತದೆ. ಹಾಡು ನಿಂತು ವಾದ್ಯ ಮಾತ್ರ ನುಡಿಯುವ ವಿರಾಮದ ಗುರುತು ಅದೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಸಂತ ಅಗಸ್ಟೀನರು ಕೀರ್ತನೆಗಳ ವ್ಯಾಖ್ಯಾನದಲ್ಲಿ ಸುಗ್ಗಿಯ ಕೊಯ್ಲಿನವರ, ದ್ರಾಕ್ಷಿತೋಟದ ಕೂಲಿಗಳ ಉದಾಹರಣೆ ಕೊಡುತ್ತಾರೆ. ಅವರು ಮಾತಿನಿಂದ ಹಾಡಲು ತೊಡಗುತ್ತಾರೆ. ಆನಂದ ಉಕ್ಕಿ ಬಂದಾಗ ಮಾತನ್ನು ಬಿಟ್ಟು ಬರಿಯ ನಾದಕ್ಕೆ ಹೊರಳುತ್ತಾರೆ. ಹೇಳಲಾಗದ ದೇವರಿಗೆ ಸಲ್ಲುವ ಸ್ತುತಿ ಅದೇ ಎಂಬುದು ಅವರ ವಿವರಣೆ. ರಾಗಿ ಹೊಲದಲ್ಲಿ ಕಳೆ ಕೀಳುವ ನಮ್ಮ ತಾಯಂದಿರ ಆಲಾಪ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾದದ ಸೊಗಸಿಗೆ ಸೋತು ವಾಕ್ಯವನ್ನು ಮರೆಯುವ ಅಪಾಯದ ಬಗ್ಗೆ ಎಚ್ಚರಿಸಿದವರೂ ಅಗಸ್ಟೀನರೇ. ಆ ಎಚ್ಚರ ಒಳ್ಳೆಯದು. ಅದು ಮಾತುಳ್ಳ ಹಾಡಿಗೂ ಅಷ್ಟೇ ಅನ್ವಯಿಸುತ್ತದೆ.

ಇನ್ನೂ ಹತ್ತಿರದ ಸಾಕ್ಷಿ ಬೇಕೆ? ಒಲಿವಿಯೇ ಮೆಸ್ಸಿಯಾನ್ ಎಂಬ ಫ್ರೆಂಚ್ ಕಥೋಲಿಕ ಸಂಗೀತಗಾರ 1931ರಿಂದ 1992ರಲ್ಲಿ ಮರಣಿಸುವವರೆಗೆ ಪ್ಯಾರಿಸಿನ ಪವಿತ್ರ ತ್ರಿತ್ವದ ದೇವಾಲಯದಲ್ಲಿ ಆರ್ಗನ್ ನುಡಿಸಿದವರು. 1937ರ ಪ್ಯಾರಿಸ್ ವಸ್ತುಪ್ರದರ್ಶನದ ಕಾರಂಜಿಗಳ ಉತ್ಸವಕ್ಕೆ ಅವರು ಒಂದು ದೀರ್ಘ ಕೃತಿ ರಚಿಸಿದರು. ಅದಕ್ಕೆ ಅವರು ಆರಿಸಿಕೊಂಡದ್ದು ಮಾರ್ಟನೋ ಎಂಬಾತ 1928ರಲ್ಲಿ ಪ್ರದರ್ಶಿಸಿದ ವಿದ್ಯುತ್ ವಾದ್ಯವನ್ನು. ಆರು ಜನ ಆ ವಾದ್ಯಗಳನ್ನು ಒಟ್ಟಿಗೆ ನುಡಿಸಬೇಕಿತ್ತು. ಮುಂದೆ ಮಹಾಯುದ್ಧ ಬಂತು. ಮೆಸ್ಸಿಯಾನ್ ಜರ್ಮನರ ಸೆರೆಶಿಬಿರ ಸೇರಿದರು. 1941ರ ಜನವರಿ 15ರಂದು, ಕೊರೆಯುವ ಚಳಿಯಲ್ಲಿ, ಸಹಕೈದಿಗಳ ಮುಂದೆ ಅವರ ‘ಕಾಲಾಂತ್ಯದ ಚತುಷ್ಕ’ ನುಡಿಯಿತು. ಅದರಲ್ಲಿ ಯೇಸುವಿನ ನಿತ್ಯತ್ವಕ್ಕೆ ಸಲ್ಲಿಸಿದ ಸ್ತುತಿಯ ಭಾಗವೊಂದಿದೆ. ಅದರ ರಾಗ ಕಾರಂಜಿಗಾಗಿ ರಚಿಸಿದ ಆ ವಿದ್ಯುತ್ ಕೃತಿಯಿಂದಲೇ ಬಂದದ್ದು! ವಿದ್ಯುತ್ ವಾದ್ಯಕ್ಕಾಗಿ ಹುಟ್ಟಿದ ಮಾತಿಲ್ಲದ ರಾಗ ಸೆರೆಮನೆಯಲ್ಲಿ ಪ್ರಾರ್ಥನೆಯಾಯಿತು. ಇದಕ್ಕಿಂತ ದೊಡ್ಡ ಉತ್ತರವನ್ನು ನಾನು ಕೊಡಲಾರೆ.

ಇಲ್ಲಿ ಒಂದು ಗಡಿಯನ್ನು ಸ್ಪಷ್ಟವಾಗಿ ಎಳೆಯಬೇಕು. ಮುಕ್ಕಾಲು ಗಂಟೆಯ ಪ್ರಯೋಗವನ್ನು ಬಲಿಪೂಜೆಯೊಳಗೆ ತರಬೇಕೆಂದು ನಾನು ಕೇಳುತ್ತಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೈಪ್ ಆರ್ಗನ್ನಿಗೆ ವಿಶೇಷ ಗೌರವ ಕೊಟ್ಟು, ಪವಿತ್ರ ಬಳಕೆಗೆ ತಕ್ಕ ಇತರ ವಾದ್ಯಗಳಿಗೂ ಅಧಿಕಾರವುಳ್ಳವರ ಒಪ್ಪಿಗೆಯ ಮೇರೆಗೆ ಅವಕಾಶವಿತ್ತಿತು. 1967ರ ‘ಮ್ಯೂಸಿಕಂ ಸಾಕ್ರಂ’ ಆದೇಶವು ಪೂಜೆಯ ಆರಂಭದಲ್ಲಿ, ಕಾಣಿಕೆಯ ವೇಳೆ, ಪರಮಪ್ರಸಾದದ ವೇಳೆ ಮತ್ತು ಕೊನೆಯಲ್ಲಿ ವಾದ್ಯವನ್ನು ಒಂಟಿಯಾಗಿ ನುಡಿಸಲು ಅನುಮತಿಸುತ್ತದೆ. ತಪಸ್ಸುಕಾಲದಂಥ ಸಮಯಗಳಲ್ಲಿ ಅದನ್ನು ತಡೆಯುತ್ತದೆ. ವಾದ್ಯವು ಆರಾಧನೆಯ ಸೇವಕನೇ ಹೊರತು ಯಜಮಾನನಲ್ಲ. ದೀರ್ಘ ಕೃತಿಗೆ ತಕ್ಕ ಸ್ಥಳ ಧರ್ಮಕೇಂದ್ರದ ಸಭಾಂಗಣ, ಶಾಲೆಯ ಅಂಗಳ, ಯುವಕೂಟದ ಸಂಜೆ. ಆದರೆ ಇದೇ ನಿಯಮದ ಕನ್ನಡಿಯಲ್ಲಿ ನಮ್ಮ ಇಂದಿನ ರೂಢಿಯನ್ನೂ ನೋಡಿಕೊಳ್ಳೋಣ. ಸಿನಿಮಾ ಹಾಡಿನ ತಾಳವನ್ನು ಗುಂಡಿಯೊತ್ತಿ ಬಲಿಪೀಠದ ಪಕ್ಕಕ್ಕೆ ಕರೆತರುವವರು ಯಾವ ಬಾಯಿಂದ ಪ್ರಯೋಗಶೀಲ ಸಂಗೀತವನ್ನು ಲೌಕಿಕವೆನ್ನುತ್ತಾರೆ?

ಮೂರನೆಯ ಆಕ್ಷೇಪವೇ ನನ್ನನ್ನು ಹೆಚ್ಚು ನೋಯಿಸುವಂಥದು. "ಇವೆಲ್ಲ ಬೆಂಗಳೂರಿನ ಉಳ್ಳವರ ಮಕ್ಕಳಿಗೆ ಸರಿ, ನಮ್ಮ ಮಕ್ಕಳಿಗಲ್ಲ." ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಪಾಳಿಯ ಬಸ್ಸು ಹತ್ತುವ ಹೆಣ್ಣುಮಕ್ಕಳನ್ನು ನೋಡಿದ್ದೀರಿ. ಲೋಕದ ಸಿರಿವಂತರು ಕೈಯಲ್ಲಿ ಹಿಡಿಯುವ ಐಫೋನುಗಳು ಅಲ್ಲಿ ಜೋಡಣೆಯಾಗುತ್ತವೆ. ಆ ಫೋನಿನಲ್ಲಿ ಸಂಗೀತ ರಚಿಸುವ ‘ಗ್ಯಾರೇಜ್‌ಬ್ಯಾಂಡ್’ ಎಂಬ ತಂತ್ರಾಂಶ ಪುಕ್ಕಟೆ ದೊರೆಯುತ್ತದೆ. ಸ್ವರ ಹುಟ್ಟಿಸುವುದು, ಸೋಸುವುದು, ಪದರದ ಮೇಲೆ ಪದರ ಕೂಡಿಸುವುದು, ಇದೆಲ್ಲ ಒಂದು ಅಂಗೈಯೊಳಗೆ ಸಾಧ್ಯ. ವಾದ್ಯವನ್ನು ಜೋಡಿಸುವ ಬೆರಳು ನಮ್ಮದು, ನುಡಿಸುವ ಬೆರಳು ಬೇರೆಯವರದು! ಚಿನ್ನದ ವಿಷಯದಲ್ಲೂ ಹೀಗೆಯೇ ಆಯಿತಲ್ಲವೇ? ಮೂರು ಕಿಲೋಮೀಟರಿಗೂ ಆಳಕ್ಕಿಳಿದು ಅಗೆದವರೊಬ್ಬರು, ಕೊರಳಿಗೆ ಧರಿಸಿದವರು ಇನ್ನೊಬ್ಬರು. ಆ ಅನ್ಯಾಯವನ್ನು ಹೊರಗಿನವರು ನಮ್ಮ ಮೇಲೆ ಹೇರಿದರು. ಈಗ "ನಮ್ಮ ಮಕ್ಕಳಿಗಲ್ಲ" ಎನ್ನುವ ಮೂಲಕ ಅದೇ ಅನ್ಯಾಯವನ್ನು ನಾವೇ ನಮ್ಮ ಮನೆಯೊಳಗೆ ಕರೆದು ಕೂರಿಸುತ್ತಿದ್ದೇವೆ. ಐಫೋನು ಕೊಳ್ಳಬೇಕಾದ ಅಗತ್ಯವೂ ಇಲ್ಲ. ಸಾಧಾರಣ ಮೊಬೈಲಿನಲ್ಲಿ ಶಬ್ದ ಮುದ್ರಿಸಿ, ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಕತ್ತರಿಸಿ, ಹಿಗ್ಗಿಸಿ, ಬೆಸೆಯಬಹುದು. ಬೇಕಾಗಿರುವುದು ಹಣಕ್ಕಿಂತ ಮಿಗಿಲಾಗಿ ಸಮಯ, ಮೌನ ಮತ್ತು ಕೇಳುವ ನಾಲ್ಕು ಕಿವಿ.

ಹೇಳಲು ನಮ್ಮಲ್ಲಿ ಏನಿದೆ ಎನ್ನುವಿರಾ? ಊರ ಟ್ರಾನ್ಸ್‌ಫಾರ್ಮರಿನ ಗುಂಯ್‌ಕಾರ ಸೆಕೆಂಡಿಗೆ ನೂರು ಕಂಪನಗಳ ಒಂದು ಮಂದ್ರಶ್ರುತಿ. ಅದನ್ನೇ ಆಧಾರವಾಗಿ ಹಿಡಿಯಿರಿ. ಅದರ ಮೇಲೆ ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆಹುಳುಗಳು ಸೊಪ್ಪು ಮೇಯುವಾಗ ಏಳುವ, ಮಳೆ ಹನಿಯುವಂಥ ಸದ್ದನ್ನು ಹರಡಿ. ಮಾಲೂರಿನ ಇಟ್ಟಿಗೆ ಅಚ್ಚು ನೆಲಕ್ಕೆ ಬೀಳುವ ಸಪ್ಪಳ, ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ತೆಲುಗು ಕನ್ನಡ ಕಲೆತ ಹರಾಜಿನ ಕೂಗು, ಶ್ರೀನಿವಾಸಪುರದ ಮಾವಿನ ತೋಪಿನ ಮುಂಜಾವಿನ ಹಕ್ಕಿಗಳು, ಮುಳಬಾಗಿಲಿನ ಹೆದ್ದಾರಿಯಲ್ಲಿ ಇರುಳಿಡೀ ಓಡುವ ಲಾರಿಗಳು, ಸಾವಿರ ಅಡಿ ದಾಟಿಯೂ ನೀರು ಕಾಣದೆ ಬರಿಯ ದೂಳು ಕಾರುವ ಕೊಳವೆಬಾವಿ ಯಂತ್ರದ ಆರ್ಭಟ, ಅದನ್ನು ನಿಲ್ಲಿಸಿದಾಗ ರೈತನ ಮನೆಯಲ್ಲಿ ಕವಿಯುವ ಮೌನ. ಈ ಮೌನಕ್ಕೆ ಪದ್ಯ ಬರೆಯುವುದು ಕಷ್ಟ. ನಾದ ಅದನ್ನು ಹೇಳಬಲ್ಲದು.

ಮೌನದ ಬೆಲೆಯನ್ನು ಲೋಕಕ್ಕೆ ತೋರಿಸಿದ್ದೂ ನಮ್ಮ ನೆಲವೇ. ಮೇಲಿನ ವಿಶ್ವಕಿರಣಗಳ ಗದ್ದಲವನ್ನು ಬಂಡೆಯೇ ತಡೆಯಲೆಂದು ವಿಜ್ಞಾನಿಗಳು ಕೋಲಾರದ ಗಣಿಯ ಆಳಕ್ಕಿಳಿದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಗುರುತನ್ನು ಅಲ್ಲಿ 1965ರಲ್ಲಿ ಪತ್ತೆಮಾಡಿದರು. ಅಷ್ಟು ಆಳದಲ್ಲಿ ತಾಳ್ಮೆಯಿಂದ ಕಾದವರಿಗೆ ಮಾತ್ರ ಅಷ್ಟು ಸೂಕ್ಷ್ಮವಾದದ್ದು ಸಿಕ್ಕಿತು. ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಪಾಳಿಯ ಸೈರನ್, ಪಂಜರ ಇಳಿಯುವ ಸದ್ದು, ‘ಏರ್‌ಬ್ಲಾಸ್ಟ್’ ಆದಾಗ ಮನೆಯ ಪಾತ್ರೆಗಳು ನಡುಗಿದ ಸದ್ದು, ಇವೆಲ್ಲ ಈಗ ವೃದ್ಧರ ನೆನಪಿನಲ್ಲಷ್ಟೇ ಉಳಿದಿವೆ. 2018ರಲ್ಲಿ ತೆರೆಕಂಡ ‘ಕೆ.ಜಿ.ಎಫ್.’ ಚಿತ್ರಕ್ಕೆ ಕರಾವಳಿಯ ರವಿ ಬಸ್ರೂರು ಕಂಪ್ಯೂಟರಿನ ನೆರವಿನಿಂದ ಕಟ್ಟಿದ ಸಂಗೀತ ದೇಶವನ್ನೇ ಮುಟ್ಟಿತು. ಅದು ಕಥೆಯ ನಾಯಕನ ಸಂಗೀತ; ಆ ಕೆಲಸವನ್ನು ಅವರು ಸಮರ್ಥವಾಗಿ ಮಾಡಿದರು. ಗಣಿ ಕಾರ್ಮಿಕನ ಮೊಮ್ಮಗಳು ಅಜ್ಜನ ಕಿವಿಯಿಂದ ಕೇಳಿ ರಚಿಸಬೇಕಾದ ಸಂಗೀತ ಇನ್ನೂ ಬರಬೇಕಾಗಿದೆ. ಅಜ್ಜಂದಿರು ಬಹಳ ಕಾಲ ಕಾಯಲಾರರು.

ಕೊನೆಯದಾಗಿ, ಉದ್ಯೋಗವಿಲ್ಲದ, ನೀರಿಗೆ ಪರದಾಡುವ ಸೀಮೆಯಲ್ಲಿ ಇದೆಲ್ಲ ಬೇಕೇ ಎಂದು ಕೇಳುವವರುಂಟು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ನಮ್ಮ ಕೆರೆಗಳಿಗೆ ಹರಿಯುತ್ತಿದೆ. ಮಹಾನಗರ ಬಳಸಿ ಬಿಟ್ಟ ನೀರನ್ನು ನಾವು ಪಡೆಯುತ್ತಿರುವಂತೆಯೇ ಅದು ಬಳಸಿ ಬಿಟ್ಟ ತಾಳವನ್ನೂ ಪಡೆದು ತೃಪ್ತರಾಗಬೇಕೇ? ನೀರಿನ ವಿಷಯದಲ್ಲಿ ನಮಗೆ ಬೇರೆ ದಾರಿಯಿಲ್ಲದಿರಬಹುದು. ನಾದದ ವಿಷಯದಲ್ಲಿ ದಾರಿಯಿದೆ. ಹೊಟ್ಟೆಗೆ ರೊಟ್ಟಿಯೊಂದೇ ಸಾಲದೆಂದು ಹೇಳಿದ ಪ್ರಭುವಿನ ಮಕ್ಕಳು ನಾವು. ಬಡವರಿಗೆ ಅನ್ನದ ಮಾತು ಮಾತ್ರ ಸಾಕೆನ್ನುವುದು ಕರುಣೆಯಂತೆ ಕಂಡರೂ ಅದರೊಳಗೆ ತಿರಸ್ಕಾರವಿದೆ.

ಆದ್ದರಿಂದ ಧರ್ಮಕೇಂದ್ರಗಳ ಪಾಲನಾ ಸಮಿತಿಗಳಲ್ಲಿ ನನ್ನ ಬೇಡಿಕೆ ಇಷ್ಟು. ವಾರದಲ್ಲಿ ಒಂದು ಸಂಜೆ ಕೀಬೋರ್ಡಿನ ಪೆಟ್ಟಿಗೆಯ ಬೀಗ ತೆಗೆದು ಯುವಜನರ ಕೈಗೆ ಕೊಡಿ. ಸಿದ್ಧತಾಳದ ಗುಂಡಿಯನ್ನು ಆ ಸಂಜೆ ಯಾರೂ ಮುಟ್ಟದಿರಲಿ. ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ದೀಪ ತಗ್ಗಿಸಿ, ಫೋನು ಬದಿಗಿಟ್ಟು, ಅವರು ರಚಿಸಿದ ಒಂದು ಕೃತಿಯನ್ನು ಆದಿಯಿಂದ ಅಂತ್ಯದವರೆಗೆ ಮಾತಾಡದೆ ಕೇಳಿ. ಮೊದಲ ಕೃತಿ ಒರಟಾಗಿರಬಹುದು, ಎರಡನೆಯದು ಬೇಸರ ತರಿಸಬಹುದು. ಮಗುವಿನ ಮೊದಲ ತೊದಲನ್ನು ಯಾವ ತಾಯಿಯೂ ವ್ಯಾಕರಣದ ತಕ್ಕಡಿಯಲ್ಲಿ ತೂಗುವುದಿಲ್ಲ. ತಂದೆತಾಯಂದಿರೇ, "ಇದರಿಂದ ಏನು ಸಂಪಾದನೆ?" ಎಂದು ಕೇಳುವ ಮೊದಲು "ಇದರಲ್ಲಿ ಏನು ಹೇಳಹೊರಟಿದ್ದೀಯಮ್ಮಾ?" ಎಂದು ಒಮ್ಮೆ ಕೇಳಿರಿ. ಆ ಒಂದು ಪ್ರಶ್ನೆಗಾಗಿ ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಎಷ್ಟು ಮಕ್ಕಳು ಮೌನವಾಗಿ ಕಾದಿದ್ದಾರೋ, ಕೇಳಿದಾಗಲೇ ತಿಳಿದೀತು.